ವಯಸ್ಸಾದ ಮೇಲೆ ವಿದೇಶಕ್ಕೆ ಮಿಷನರಿ ಸೇವೆಗೆ: ಬೀದರ್ ಕಡೆಯವರು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೀದರ್ ಜಿಲ್ಲೆಯಲ್ಲಿ ಸರ್ಕಾರಿ ಸ್ಟಾಫ್ ನರ್ಸ್ ಆಗಿದ್ದು ರಿಟೈರ್ ಆದವಳು. ನಮ್ಮವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಈಗ ಇಬ್ಬರೂ ಉತ್ತರ ಉಗಾಂಡಾದ ಲೀರಾ ಹತ್ತಿರ, ಕ್ರೈಸ್ತ ಸಭೆಯೊಂದು (ಚರ್ಚ್) ನಡೆಸುವ ಆಸ್ಪತ್ರೆಯಲ್ಲಿ ಸೇವೆಗೆ ಇದ್ದೇವೆ. ಹೊರಡುವ ಮೊದಲು ಚರ್ಚಿನ ಅಂಗಳದಲ್ಲಿ, ಮದುವೆ ಮನೆಗಳಲ್ಲಿ, ಈಗ ಫೋನಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ.

## ಎಲ್ಲರೂ ಮೊದಲು ಕೇಳುವುದು

ಈ ವಯಸ್ಸಿನಾಗ ಅಷ್ಟು ದೂರ ಯಾಕ ಹೋಗ್ತೀರಿ ಅಕ್ಕೋರೆ? ಇಲ್ಲೇ ಸೇವಾ ಮಾಡ್ಲಿಕ್ಕೆ ಆಗಲ್ಲೇನು?

ಆಗುತ್ತದೆ. ಇಲ್ಲೇ ಕೈ ತುಂಬ ಸೇವೆ ಇರುವವರು ಅದನ್ನು ಬಿಟ್ಟು ಹೋಗಬಾರದು. ನಮ್ಮನ್ನು ಕರೆದದ್ದು ಎರಡು ನಿರ್ದಿಷ್ಟ ಕೆಲಸಕ್ಕೆ. ನರ್ಸಿಂಗ್ ವಿದ್ಯಾರ್ಥಿಗಳ ಪಕ್ಕದಲ್ಲಿ ವಾರ್ಡಿನಲ್ಲಿ ನಿಂತು ಕಲಿಸುವ ಅನುಭವಸ್ಥ ನರ್ಸ್ ಬೇಕಿತ್ತು. ಜನರೇಟರ್, ಆಂಬುಲೆನ್ಸ್ ನೋಡಿಕೊಳ್ಳುತ್ತಾ ಹುಡುಗರಿಗೆ ಆ ಕೆಲಸ ಕಲಿಸುವವರೂ ಬೇಕಿತ್ತು. ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆಯನ್ನು ನೆನೆಸಿಕೊಳ್ಳಿ. ಬೇರೆ ದೇಶದವರು ಬಂದು, ನಮ್ಮ ಮಾತು ಕಲಿತು, ನಮ್ಮ ಹಿರಿಯರ ಹೆರಿಗೆ ಮಾಡಿಸಿದರು. ಅವರ ಮನೆಯಲ್ಲೂ ಯಾರೋ "ಅಷ್ಟು ದೂರ ಯಾಕೆ" ಅಂತ ಕೇಳಿಯೇ ಇರುತ್ತಾರೆ, ಅಲ್ವಾ?

ಮಿಷನರಿ ಅಂದ್ರ ಫಾರಿನ್ನಿಂದ ಇಲ್ಲಿಗೆ ಬರೋರು. ಇಲ್ಲಿಂದ ಯಾರು ಹೋಗ್ತಾರ?

ಬಹಳ ಹಿಂದಿನಿಂದಲೂ ಹೋಗುತ್ತಿದ್ದಾರೆ. ತಿರುನೆಲ್ವೇಲಿಯವರು 1903ರಲ್ಲೇ ಇಂಡಿಯನ್ ಮಿಷನರಿ ಸೊಸೈಟಿ ಕಟ್ಟಿದರು. 1905ರಲ್ಲಿ ಸೆರಾಂಪುರದಲ್ಲಿ ನ್ಯಾಷನಲ್ ಮಿಷನರಿ ಸೊಸೈಟಿ ಶುರುವಾಯಿತು. ಎರಡರ ಹಿಂದೆಯೂ ಮುಂದೆ ಬಿಷಪ್ ಆದ ವಿ. ಎಸ್. ಅಜರಾಯ ಇದ್ದರು. ಬೆಂಗಳೂರಿನ ಇಂಡಿಯನ್ ಇವ್ಯಾಂಜೆಲಿಕಲ್ ಮಿಷನ್ 1965ರದು. ನಮ್ಮ ಭಾಗದಲ್ಲಿ ಜಾಸ್ತಿ ಇರುವ ಮೆಥಡಿಸ್ಟ್ ಸಭೆ 1981ರಿಂದ ಸ್ವತಂತ್ರವಾಗಿ ನಡೆಯುತ್ತಿದೆ. ಇಷ್ಟು ವರ್ಷ ಪಡೆದ ಸಭೆ ಈಗ ಕೊಡುವುದರಲ್ಲಿ ವಿಶೇಷವೇನೂ ಇಲ್ಲ.

ಅಲ್ಲಿ ಹೋಗಿ ಮತಾಂತರ ಮಾಡಸ್ತೀರೇನು?

ಪಕ್ಕದ ಮನೆಯ ಕಾಕಾ ನೇರವಾಗಿ ಕೇಳಿದರು. ನೇರವಾಗಿ ಕೇಳಿದ್ದು ನನಗೆ ಇಷ್ಟವಾಯಿತು. ಉಗಾಂಡಾದಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಜನ ಈಗಾಗಲೇ ಕ್ರೈಸ್ತರು. 1886ರ ಜೂನ್ 3ರಂದು ನಮುಗೊಂಗೊ ಎಂಬಲ್ಲಿ ನಂಬಿಕೆಗಾಗಿ ಯುವಕರು ಬೆಂಕಿಯಲ್ಲಿ ಪ್ರಾಣ ಕೊಟ್ಟರು. ಆ ದಿನ ಇಂದಿಗೂ ಇಲ್ಲಿ ಸರ್ಕಾರಿ ರಜೆ. ವಿಶ್ವಾಸದ ವಿಷಯದಲ್ಲಿ ನಾವೇ ಇವರಿಂದ ಕಲಿಯಬೇಕು. ನಮ್ಮದು ಆಸ್ಪತ್ರೆ ಕೆಲಸ. ಮುಸ್ಲಿಮರು ಬರುತ್ತಾರೆ, ಯಾವ ಸಭೆಗೂ ಹೋಗದವರೂ ಬರುತ್ತಾರೆ. ಔಷಧಿ ಕೊಡುವಾಗ ಯಾರ ಧರ್ಮವನ್ನೂ ಕೇಳುವುದಿಲ್ಲ. ಬೆಳಿಗ್ಗೆ ಸಿಬ್ಬಂದಿ ಸೇರಿ ಪ್ರಾರ್ಥನೆ ಮಾಡುತ್ತೇವೆ. ಯಾರಾದರೂ ನಮ್ಮ ನಂಬಿಕೆ ಬಗ್ಗೆ ಕೇಳಿದರೆ ಸಂತೋಷದಿಂದ ಹೇಳುತ್ತೇವೆ.

ಗಂಡ ಹೆಂಡ್ತಿ ಇಬ್ಬರಿಗೂ ಒಂದೇ ಸಲ ಕರೆ ಬಂತೇನು? ಒಬ್ಬರಿಗೆ ಮನಸ್ಸಿಲ್ಲಂದ್ರ?

ಒಬ್ಬರಿಗೆ ಮನಸ್ಸಿಲ್ಲದಿದ್ದರೆ ಹೋಗಬೇಡಿ. ಇನ್ನೊಬ್ಬರನ್ನು ಪ್ರಾರ್ಥನೆ ಹೆಸರಲ್ಲಿ ಒತ್ತಾಯ ಮಾಡಲೂ ಬೇಡಿ. ನಮ್ಮಲ್ಲಿ ನನಗೆ ಬೇಗ ಮನಸ್ಸಾಯಿತು, ನಮ್ಮವರಿಗೆ ತಡವಾಯಿತು. "ನೀ ನರ್ಸ್, ನಿನಗ ಕೆಲಸ ಅದ. ನಾ ಅಲ್ಲಿ ಖುರ್ಚಿ ಮ್ಯಾಲ ಕೂತು ಏನ್ ಮಾಡ್ಲಿ?" ಅಂದರು. ಅದು ಸರಿಯಾದ ಪ್ರಶ್ನೆ. ಅದನ್ನೇ ಆಸ್ಪತ್ರೆಗೆ ಬರೆದು ಕೇಳಿದೆವು. ಅವರ ವರ್ಕ್‌ಶಾಪಿನ ಫೋಟೋ ಬಂತು: ಬಾನೆಟ್ ತೆಗೆದು ನಿಂತ ಲ್ಯಾಂಡ್ ಕ್ರೂಸರ್, ಪಕ್ಕದಲ್ಲಿ ಎರಡು ಹಳೇ ಜನರೇಟರ್. ಆ ಫೋಟೋ ನೋಡಿದ ಮೇಲೆ ಅವರು ಬೇರೆ ಏನೂ ಕೇಳಲಿಲ್ಲ. ಇಬ್ಬರಿಗೂ ಬೇರೆ ಬೇರೆ ಕೆಲಸ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

## ಹೊರಡುವ ತಯಾರಿ

ಯಾರ ಹತ್ರ ಹೋಗಿ ಕೇಳಬೇಕು? ಅರ್ಜಿ ಅದ ಏನು?

ಮೊದಲು ನಿಮ್ಮ ಪಾಸ್ಟರ್. ಅವರ ಮೂಲಕ ಡಿ.ಎಸ್. (ಸಭೆಯ ಜಿಲ್ಲಾ ಮೇಲ್ವಿಚಾರಕರು), ಬಿಷಪ್ ಕಚೇರಿ, ಇಲ್ಲವೇ ಯಾವುದಾದರೂ ಮಿಷನ್ ಸಂಸ್ಥೆ. ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಕರೆಯುವವರ ಪತ್ರ. ಏನು ಕೆಲಸ, ಯಾರ ಕೈಕೆಳಗೆ, ಎಲ್ಲಿ ವಾಸ, ಎಷ್ಟು ಕಾಲ ಎಂಬ ನಾಲ್ಕೂ ಅದರಲ್ಲಿ ಇರಬೇಕು. "ಬನ್ನಿ, ದೇವರು ದಾರಿ ತೋರಿಸ್ತಾನೆ" ಅಂತ ಮಾತ್ರ ಬರೆದಿದ್ದರೆ ಕಾಯಿರಿ. ನರ್ಸ್ ಆಗಿ ಕೆಲಸ ಮಾಡಲು ಉಗಾಂಡಾದ ನರ್ಸ್ ಮತ್ತು ಮಿಡ್‌ವೈಫ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕಾಗಿ ನಮ್ಮ ರಾಜ್ಯದ ನರ್ಸಿಂಗ್ ಕೌನ್ಸಿಲಿನ ಕಾಗದಗಳನ್ನು ಮೊದಲೇ ಸರಿ ಮಾಡಿಕೊಳ್ಳಿ. ರಿಟೈರ್ ಆದವರು ನೋಂದಣಿ ನವೀಕರಿಸದೆ ಬಿಟ್ಟಿರುತ್ತಾರೆ.

ಆಧಾರದಾಗ ಒಂದು ಹೆಸರು, ಸಾಲಿ ಟೀಸಿಯಾಗ ಒಂದು ಹೆಸರು. ಪಾಸ್‌ಪೋರ್ಟ್ ಹ್ಯಾಂಗ ಮಾಡಸೋದು?

ನಮ್ಮ ಭಾಗದ ಕ್ರೈಸ್ತರ ದೊಡ್ಡ ತಲೆನೋವೇ ಇದು. ದೀಕ್ಷಾಸ್ನಾನದ ಹೆಸರು ಒಂದು, ಊರಲ್ಲಿ ಕರೆಯುವ ಹೆಸರು ಇನ್ನೊಂದು, ಶಾಲೆಯಲ್ಲಿ ಮಾಸ್ತರರು ಬರೆದದ್ದು ಮತ್ತೊಂದು. ಹೆಂಗಸರಿಗೆ ಮದುವೆಯಾದ ಮೇಲೆ ಗಂಡನ ಹೆಸರೂ ಸೇರುತ್ತದೆ. ಮೊದಲು ಆಧಾರ್, ಪ್ಯಾನ್, ಬ್ಯಾಂಕ್, ಪೆನ್ಷನ್ ಕಾಗದ ಎಲ್ಲವನ್ನೂ ಮಂಚದ ಮೇಲೆ ಹರಡಿ, ಅಕ್ಷರ ಅಕ್ಷರ ಹೋಲಿಸಿ ನೋಡಿ. ಒಂದು ಹೆಸರು ಆರಿಸಿಕೊಂಡು, ಉಳಿದದ್ದನ್ನು ಅದಕ್ಕೆ ತಕ್ಕಂತೆ ತಿದ್ದಿಸಿ. ಪಾಸ್‌ಪೋರ್ಟ್ ಅರ್ಜಿ ಆಮೇಲೆ. ಇದಕ್ಕೆ ತಿಂಗಳುಗಳೇ ಬೇಕು, ಆದ್ದರಿಂದ ಎಲ್ಲಕ್ಕಿಂತ ಮೊದಲು ಇದನ್ನೇ ಶುರು ಮಾಡಿ. ಒಂದು ಸಮಾಧಾನ ಇದೆ: 50 ದಾಟಿದವರಿಗೆ ಎಮಿಗ್ರೇಷನ್ ತಪಾಸಣೆ ಬೇಕಿಲ್ಲದ ಪಾಸ್‌ಪೋರ್ಟ್ ಸಿಗುತ್ತದೆ, ಹತ್ತನೇ ತರಗತಿ ಪಾಸಾಗಿರದಿದ್ದರೂ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನೂ ಪಾಸ್‌ಪೋರ್ಟ್ ಕಚೇರಿಯ ಮೂಲಕವೇ ಪಡೆಯಬಹುದು.

ಟೂರಿಸ್ಟ್ ವೀಸಾ ಸಲೀಸಾಗಿ ಸಿಗ್ತದಂತ. ಅದರ ಮ್ಯಾಲೇ ಹೋಗಬಹುದಲ್ಲ?

ಬೇಡ. ಸಂಬಳ ಇಲ್ಲದಿದ್ದರೂ ಅದು ಕೆಲಸವೇ. ಕರೆಯುವ ಸಂಸ್ಥೆ ಅಲ್ಲಿನ ವಲಸೆ ಇಲಾಖೆಯಿಂದ ಪರವಾನಗಿ ತೆಗೆಸಿಕೊಡಬೇಕು. ಸುಳ್ಳು ಹೇಳಿ ಶುರು ಮಾಡಿದ ಸೇವೆ ಸೇವೆಯಲ್ಲ. ಸಿಕ್ಕಿಬಿದ್ದರೆ ಆಸ್ಪತ್ರೆಗೂ ಕೆಟ್ಟ ಹೆಸರು.

ಶುಗರ್, ಬಿ.ಪಿ. ಇದ್ದೋರು ಹೋಗಬಹುದೇನು? ಸೂಜಿ ಯಾವ್ಯಾವ ಹಾಕಸ್ಬೇಕು?

ಹತೋಟಿಯಲ್ಲಿದ್ದರೆ ಹೋಗಬಹುದು. ನಮ್ಮವರಿಗೂ ಶುಗರ್ ಇದೆ. ಮಾತ್ರೆಗಳ ಕಂಪನಿ ಹೆಸರಲ್ಲ, ಔಷಧದ ಮೂಲ ಹೆಸರು ಬರೆದ ಚೀಟಿ ಮಾಡಿಸಿ. ಇಲ್ಲಿನ ಔಷಧಿ ಅಂಗಡಿಗಳಲ್ಲಿ ಭಾರತದ ಮಾತ್ರೆಗಳು ಬೇಕಾದಷ್ಟು ಸಿಗುತ್ತವೆ. ಆದರೂ ಮೊದಲ ಮೂರು ತಿಂಗಳಿಗೆ ಆಗುವಷ್ಟು ತನ್ನಿ, ಕೈಚೀಲದಲ್ಲೇ ಇಟ್ಟುಕೊಳ್ಳಿ.

ಹಳದಿ ಜ್ವರದ ಲಸಿಕೆ ವಿಷಯ ನರ್ಸ್ ಆಗಿ ಒತ್ತಿ ಹೇಳುತ್ತೇನೆ. ಉಗಾಂಡಾಕ್ಕೆ ಅದು ಕಡ್ಡಾಯ. ಸೂಜಿ ಹಾಕಿಸಿದ 10 ದಿನಗಳ ನಂತರವೇ ಸರ್ಟಿಫಿಕೇಟ್ ಚಾಲ್ತಿಗೆ ಬರುತ್ತದೆ. 2016ರಿಂದ ಅದು ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ಅಲ್ಲಿಂದ ಭಾರತಕ್ಕೆ ಮರಳಿದರೆ 6 ದಿನದವರೆಗೆ ಪ್ರತ್ಯೇಕ ಇಡಬಹುದು. ಎಲ್ಲ ಆಸ್ಪತ್ರೆಗಳಲ್ಲಿ ಈ ಲಸಿಕೆ ಹಾಕುವುದಿಲ್ಲ. ಬೀದರ್ ಕಡೆಯವರಿಗೆ ಹತ್ತಿರದ್ದು ಹೈದರಾಬಾದಿನ ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್. 60 ದಾಟಿದವರಿಗೆ ಮೊದಲ ಸಲ ಹಾಕಿಸುವಾಗ ತೀವ್ರ ಅಡ್ಡಪರಿಣಾಮದ ಅಪಾಯ ಕಿರಿಯರಿಗಿಂತ ಜಾಸ್ತಿ, ಅಪರೂಪವಾದರೂ. ಮೊಟ್ಟೆ ಅಲರ್ಜಿ ಇದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ತಿನ್ನುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಇನ್ನು ಮಲೇರಿಯಾ. ನಮ್ಮ ಕಡೆ "ಮಲೇರಿಯಾ ಏನ್ ಮಹಾ" ಅನ್ನುತ್ತಾರೆ. ಇಲ್ಲಿನದು ಹೆಚ್ಚಾಗಿ ಫಾಲ್ಸಿಪೇರಮ್, ಮೆದುಳಿಗೆ ಹೋಗಿ ಜೀವ ತೆಗೆಯುವಂಥದ್ದು. ತಡೆಯುವ ಮಾತ್ರೆ ಯಾವುದು ಅಂತ ನಿಮ್ಮ ಡಾಕ್ಟರ್ ಹೇಳಬೇಕು. ಕೆಲವನ್ನು ಹೊರಡುವ ಎರಡು ವಾರ ಮೊದಲೇ ಶುರು ಮಾಡಬೇಕಾಗುತ್ತದೆ. ಸೊಳ್ಳೆ ಪರದೆ ದಿನಾ ಕಟ್ಟಬೇಕು. ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ.

ಖರ್ಚು ಯಾರು ಕೊಡ್ತಾರ? ಸಂಬಳ ಡಾಲರಿನಾಗ ಅದಂತಲ್ಲ?

ಸಂಬಳ ಇಲ್ಲ. ಇರಲು ಎರಡು ಕೋಣೆಯ ಮನೆ ಆಸ್ಪತ್ರೆಯದು. ಊಟ, ಔಷಧಿ, ಫೋನ್ ನಮ್ಮ ಪೆನ್ಷನ್ನಿನಲ್ಲಿ. ವಿಮಾನದ ಟಿಕೆಟ್ಟಿಗೆ ನಮ್ಮ ಸಭೆಯವರು ಕೈಜೋಡಿಸಿದರು. ಭಾರತದ ಧಾರ್ಮಿಕ ಟ್ರಸ್ಟ್‌ಗಳು ವಿದೇಶದಲ್ಲಿ ಮಾಡುವ ಖರ್ಚಿಗೆ ತೆರಿಗೆ ಕಾನೂನಿನಲ್ಲಿ ಬೇರೆ ನಿಯಮ ಇದೆ. ಹಾಗಾಗಿ ಸಭೆಯ ಲೆಕ್ಕ ಬರೆಯುವವರು ಮೊದಲೇ ಆಡಿಟರನ್ನು ಕೇಳಲಿ. ವಾಪಸ್ ಬರುವ ಇಬ್ಬರ ಟಿಕೆಟ್ ದುಡ್ಡನ್ನು ಬೇರೆ ಖಾತೆಯಲ್ಲಿ ಇಟ್ಟು, ಮರೆತುಬಿಡಿ. ಅದನ್ನು ಯಾವುದಕ್ಕೂ ಮುಟ್ಟಬಾರದು. ಭಾರತದ ಆರೋಗ್ಯ ವಿಮೆ ಸಾಮಾನ್ಯವಾಗಿ ಹೊರದೇಶದಲ್ಲಿ ನಡೆಯುವುದಿಲ್ಲ. ವಿದೇಶಕ್ಕೆ ಬೇರೆ ವಿಮೆ ಬೇಕು, ಮೊದಲೇ ಇರುವ ಕಾಯಿಲೆ ಅದರಲ್ಲಿ ಸೇರಿದೆಯಾ ಅಂತ ಓದಿ ನೋಡಿ.

ಪೆನ್ಷನ್ ಬಂದಾಗಲ್ವಾ?

ಜೀವಂತ ಪ್ರಮಾಣಪತ್ರ ಕೊಡುತ್ತಿದ್ದರೆ ಬಂದಾಗಲ್ಲ. ನನ್ನದು ಸರ್ಕಾರಿ ಪೆನ್ಷನ್, ನವೆಂಬರಿನಲ್ಲಿ ಕೊಡಬೇಕು. ನಮ್ಮವರದು ಪಿ.ಎಫ್. ಪೆನ್ಷನ್. ಅದನ್ನು ವರ್ಷದ ಯಾವ ತಿಂಗಳಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಹೊರಡುವ ಮುಂಚೆ ಕೊಟ್ಟು ಹೋದರೆ ಒಂದು ಚಿಂತೆ ಕಡಿಮೆ. ಫೋನಿನಲ್ಲಿ ಮುಖ ತೋರಿಸಿ ಜೀವನ್ ಪ್ರಮಾಣ್ ಮಾಡುವ ವ್ಯವಸ್ಥೆಯೂ ಇದೆ. ಅದು ಆಗದಿದ್ದರೆ ಕಂಪಾಲಾದ ಭಾರತೀಯ ಹೈಕಮಿಷನ್ನಿನ ಅಧಿಕಾರಿ ಸಹಿ ಮಾಡಬಹುದು.

ಎಲ್ಲದಕ್ಕೂ ಓಟಿಪಿ ಬರುವುದು ಹಳೇ ಸಿಮ್ಮಿಗೆ. ಅದಕ್ಕೆ ರೋಮಿಂಗ್ ಹಾಕಿಸಿ, ರಿಚಾರ್ಜ್ ನಿಲ್ಲಿಸಬೇಡಿ. ದೀರ್ಘ ಕಾಲ ಹೊರಗಿದ್ದರೆ ಉಳಿತಾಯ ಖಾತೆಯನ್ನು ಎನ್.ಆರ್.ಓ. (ವಿದೇಶದಲ್ಲಿರುವವರ ಖಾತೆ) ಮಾಡಿಸಬೇಕಾ ಅಂತ ಬ್ಯಾಂಕಿನಲ್ಲಿ ಕೇಳಿ.

ಹೊಲ ಮನಿ ಯಾರು ನೋಡ್ತಾರ?

ನಮ್ಮ ಹೊಲ ಸ್ವಲ್ಪವೇ, ತೊಗರಿ ಬೆಳೆಯುವಂಥದ್ದು. ಮೈದುನನಿಗೆ ಪಾಲಿಗೆ ಕೊಟ್ಟಿದ್ದೇವೆ, ಕಾಗದ ಮಾಡಿ. ಅಣ್ಣ-ತಮ್ಮಂದಿರ ನಡುವೆಯೂ ಕಾಗದ ಬೇಕು, ಪ್ರೀತಿ ಉಳಿಯುವುದು ಅದರಿಂದಲೇ. ಮಗನಿಗೆ ಕೊಟ್ಟ ಅಧಿಕಾರ ಪತ್ರದಲ್ಲಿ ಮಾರಾಟದ ಅಧಿಕಾರ ಸೇರಿಸಿಲ್ಲ.

ಮಗಳ ಬಾಣಂತನ ಯಾರು ಮಾಡ್ತಾರ?

ಈ ಪ್ರಶ್ನೆ ಕೇಳಿದವರೆಲ್ಲ ಹೆಂಗಸರೇ. ಕೆಲವರು ಬೇಸರದಿಂದ ಕೇಳಿದರು, ಕೆಲವರು ನಿಜವಾದ ಚಿಂತೆಯಿಂದ. ನನಗೂ ರಾತ್ರಿ ನಿದ್ದೆ ಕೆಡಿಸಿದ ಪ್ರಶ್ನೆ ಇದೊಂದೇ. ಊರವರ ಹೆಣ್ಣುಮಕ್ಕಳ ಹೆರಿಗೆ ಮಾಡಿಸಲು ಸಮುದ್ರ ದಾಟಿ ಹೋಗುವವಳು ಸ್ವಂತ ಮಗಳ ತಲೆಗೆ ಎಣ್ಣೆ ಹಚ್ಚಲು ಇಲ್ಲದಿದ್ದರೆ ಹೇಗೆ?

ಅದಕ್ಕೇ ಹೊರಡುವ ಮೊದಲು ಮಕ್ಕಳನ್ನು, ಅಳಿಯ ಸೊಸೆಯನ್ನು ಒಟ್ಟಿಗೆ ಕೂರಿಸಿಕೊಂಡು ಮಾತಾಡಿದೆವು. ಯಾವ ಸಂದರ್ಭಕ್ಕೆ ವಾಪಸ್ ಬರುತ್ತೇವೆ ಅಂತ ಆಸ್ಪತ್ರೆಗೂ ಬರೆದು ತಿಳಿಸಿದೆವು: ಹೆರಿಗೆ, ದೊಡ್ಡ ಆಪರೇಷನ್, ನಮ್ಮವರ ತಾಯಿಗೆ ಕಷ್ಟವಾದರೆ. ಅತ್ತೆಯವರು ಈಗ ನಾದಿನಿ ಮನೆಯಲ್ಲಿದ್ದಾರೆ. ಅವರ ಖರ್ಚು ನಮ್ಮದು. ಮಗಳು ಒಂದೇ ಮಾತು ಹೇಳಿದಳು: "ಅವ್ವಾ, ನೀ ಹೋಗು, ಆದ್ರ ನನಗ ಹೇಳದ ಟಿಕೆಟ್ ತೆಗಿಬ್ಯಾಡ." ಹಾಗೇ ಮಾಡಿದೆವು. ಮಕ್ಕಳು ಬೇಡ ಅಂದರೆ ಏನು ಮಾಡಬೇಕು ಅಂತ ಕೇಳುವವರಿಗೆ ನನ್ನ ಉತ್ತರ: ಅವರ ಬೇಡದ ಹಿಂದೆ ಏನಿದೆ ಅಂತ ಕೇಳಿ. ಭಯವಾದರೆ ಮಾತಿನಿಂದ ಕಡಿಮೆಯಾಗುತ್ತದೆ. ನಿಜವಾಗಿ ನಿಮ್ಮ ಕೈ ಬೇಕಾಗಿದ್ದರೆ, ಸದ್ಯಕ್ಕೆ ಅದೇ ನಿಮ್ಮ ಸೇವೆ.

## ಬಂದು ಸೇರಿದ ಮೇಲೆ

ಜ್ವಾಳದ ರೊಟ್ಟಿ ಸಿಗ್ತದೇನು?

ಜೋಳ ಸಿಗುತ್ತದೆ, ಆದರೆ ಹೆಚ್ಚಾಗಿ ಕೆಂಪು ಜೋಳ. ರೊಟ್ಟಿ ನಮ್ಮ ಬಿಳಿ ಜೋಳದಷ್ಟು ಸಲೀಸಾಗಿ ಬರುವುದಿಲ್ಲ, ಅಂಚು ಒಡೆಯುತ್ತದೆ. ಹಿಟ್ಟಿಗೆ ಕುದಿಯುವ ನೀರು ಹಾಕಿ ಚೆನ್ನಾಗಿ ನಾದಿ, ಸಣ್ಣದಾಗಿ ಬಡಿಯುತ್ತೇನೆ. ಇಲ್ಲಿನವರು ರಾಗಿ ಹಿಟ್ಟಿನಿಂದ ಮುದ್ದೆ ಮಾಡುತ್ತಾರೆ. ಅದಕ್ಕೆ ಕ್ವೋನ್ ಅನ್ನುತ್ತಾರೆ.

ಕಲಬುರಗಿ ತೊಗರಿಗೆ 2019ರಲ್ಲಿ ಜಿ.ಐ. (ಆ ಊರಿನದೇ ಬೆಳೆ ಎನ್ನುವ ಭೌಗೋಳಿಕ) ಗುರುತು ಸಿಕ್ಕಾಗ ನಾವೆಲ್ಲ ಹೆಮ್ಮೆಪಟ್ಟೆವಲ್ಲ, ಈ ಉತ್ತರ ಉಗಾಂಡಾದವರದೂ ತೊಗರಿ ಬೇಳೆಯ ಊಟವೇ. ಎಳ್ಳು ಶೇಂಗಾ ಅರೆದ ಓಡಿ ಅನ್ನುವುದು ನಮ್ಮ ಹಿಂಡಿಯ (ಚಟ್ನಿಯ) ತಂಗಿ. ಮಾಲಕ್ವಾಂಗ್ ಅನ್ನುವ ಹುಳಿ ಸೊಪ್ಪು ಇದೆ, ಪುಂಡಿಯ ಜಾತಿಯದೇ. ಶೇಂಗಾ ಹಾಕಿ ಬೇಯಿಸುತ್ತಾರೆ. ಮೊದಲ ದಿನ ಅದನ್ನು ತಿಂದ ನಮ್ಮವರು ಎರಡನೇ ಸಲ ಬಡಿಸಿಕೊಂಡರು. ಮನೆಯಿಂದ ಖಾರದ ಪುಡಿ, ಹುಣಸೆಹಣ್ಣು ತಂದರೆ ಸಾಕು.

ಅಲ್ಲಿ ಯಾವ ಭಾಷಾ? ನಮಗ ಇಂಗ್ಲಿಷ್ ಅಷ್ಟಕಷ್ಟೆ.

ಆಫೀಸಿನಲ್ಲಿ, ಕಾಲೇಜಿನಲ್ಲಿ ಇಂಗ್ಲಿಷ್. ವಾರ್ಡಿನಲ್ಲಿ ಈ ಕಡೆಯ ಜನರ ಮಾತು ಲಾಂಗೊ. ಬೀದರಿನವರಿಗೆ ಭಾಷೆ ಹೆದರಿಕೆ ಇರಬಾರದು. ಬಜಾರಿನಲ್ಲಿ ದಖ್ಖನಿ, ಮನೆಯಲ್ಲಿ ಕನ್ನಡ, ಮರಾಠಿ ತೆಲುಗು ಕಿವಿಗೆ ಬಿದ್ದು ಬೆಳೆದವರು ನಾವು. ಗ್ರಾಮರ್ ನಂತರ ಕಲಿಯಿರಿ, ನಮಸ್ಕಾರ ಮೊದಲು ಕಲಿಯಿರಿ. ಇಲ್ಲಿ ಕುಶಲ ಕೇಳದೆ ಕೆಲಸದ ಮಾತು ತೆಗೆಯುವುದು ಒರಟುತನ. "ಕೋಪ್ ಆಂಗೊ" ಅಂತ ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಂಡು, ಆಮೇಲೆ ಥರ್ಮಾಮೀಟರ್ ತೆಗೆಯಿರಿ.

ದಿನಾ ಏನು ಕೆಲಸ ಮಾಡ್ತೀರಿ?

ಒಂದು ಉದಾಹರಣೆ ಕೊಡುತ್ತೇನೆ. ಇಲ್ಲಿ ಸಲೈನ್ ಓಡಿಸುವ ಯಂತ್ರಗಳಿಲ್ಲ. ಹನಿ ಎಣಿಸಬೇಕು. 500 ಎಂ.ಎಲ್. ಬಾಟಲಿ 4 ತಾಸಿನಲ್ಲಿ ಮುಗಿಯಬೇಕು, ಸೆಟ್ಟಿನಲ್ಲಿ ಒಂದು ಎಂ.ಎಲ್.ಗೆ 20 ಹನಿ. ಹಾಗಾದರೆ ನಿಮಿಷಕ್ಕೆ ಎಷ್ಟು? ಹುಡುಗಿಯರಿಗೆ ಪುಸ್ತಕದ ಸೂತ್ರ ಗೊತ್ತು. ರಾತ್ರಿ ಎರಡು ಗಂಟೆಗೆ, ಕರೆಂಟ್ ಹೋದಾಗ, ಅಳುವ ಮಗುವಿನ ಪಕ್ಕ ನಿಂತು ಲೆಕ್ಕ ಬರಬೇಕಲ್ಲ? 500ನ್ನು 20ರಿಂದ ಗುಣಿಸಿ 240ರಿಂದ ಭಾಗಿಸಿದರೆ ಸುಮಾರು 42 ಹನಿ. ಕೈಗಡಿಯಾರ ಹನಿಯ ಪಕ್ಕಕ್ಕೆ ಹಿಡಿ, ಹದಿನೈದು ಸೆಕೆಂಡಿಗೆ ಹತ್ತು ಹನ್ನೊಂದು ಬೀಳಬೇಕು, ಚಕ್ರ ಸ್ವಲ್ಪ ತಿರುಗಿಸು, ಮತ್ತೆ ಎಣಿಸು. ಇದನ್ನೇ ದಿನಾ ಮಾಡಿಸುತ್ತೇನೆ. ಅವರು ನನ್ನ ಕಡೆ ನೋಡದೆ ಎಣಿಸತೊಡಗಿದಾಗ ಮುಂದಿನ ಮಂಚಕ್ಕೆ ಹೋಗುತ್ತೇನೆ.

ನಮ್ಮವರ ಬೆಳಗು ಏರ್ ಫಿಲ್ಟರಿನಿಂದ ಶುರು. ಇಲ್ಲಿ ಕೆಂಪು ಮಣ್ಣಿನ ರಸ್ತೆ, ಒಂದು ವಾರದಲ್ಲಿ ಫಿಲ್ಟರ್ ಇಟ್ಟಿಗೆ ಬಣ್ಣವಾಗುತ್ತದೆ. ಡಿಪೋದಲ್ಲಿ ಇದ್ದಂತೆ ಒಂದು ಲಾಗ್ ಬುಕ್ ಶುರು ಮಾಡಿದ್ದಾರೆ. ಆಯಿಲ್ ಬದಲಿಸಿದ ದಿನ, ಓಡಿದ ಕಿಲೋಮೀಟರ್, ಯಾರು ಮಾಡಿದರು ಎಲ್ಲ ಬರೆಯಬೇಕು. ಈಗ ಅದನ್ನು ಬರೆಯುವುದು ಇಲ್ಲಿನ ಹುಡುಗನೇ.

ಅಲ್ಲಿನ ಮಂದಿ ಇಂಡಿಯಾದವರನ್ನ ಹ್ಯಾಂಗ ನೋಡ್ತಾರ?

ಇಂಡಿಯಾದವರು ಅಂದರೆ ಅಂಗಡಿಯ ಮಾಲೀಕರು ಅಂತಲೇ ಇಲ್ಲಿ ಗೊತ್ತು. ಇದಕ್ಕೆ ಇತಿಹಾಸ ಇದೆ. ಬ್ರಿಟಿಷರ ರೈಲು ಕೆಲಸದ ಕಾಲದಿಂದ ಬಂದು ನೆಲೆಸಿದವರು ವ್ಯಾಪಾರದಲ್ಲಿ ಬೆಳೆದರು. 1972ರಲ್ಲಿ ಇಲ್ಲಿನ ಸರ್ವಾಧಿಕಾರಿ ಇದಿ ಅಮೀನ್ 90 ದಿನ ಗಡುವು ಕೊಟ್ಟು ಏಷ್ಯಾದವರನ್ನು ಹೊರಹಾಕಿದ. ಮುಂದೆ ಅಧ್ಯಕ್ಷ ಮುಸೆವೆನಿ ಕಾಲದಲ್ಲಿ ಎಷ್ಟೋ ಜನ ಮರಳಿ ಬಂದರು. ಬರುವ ಮುಂಚೆ ಇದನ್ನು ಓದಿಕೊಂಡು ಬನ್ನಿ. ಅವರ ನೋವೂ ನಿಜ, ಕೂಲಿ ಮಾಡಿದ ಇಲ್ಲಿನವರ ಅಸಮಾಧಾನವೂ ಸುಳ್ಳಲ್ಲ. ನಾವು ಸಂತೆಗೆ ನಡೆದೇ ಹೋಗುತ್ತೇವೆ, ಆರಾಧನೆಯಲ್ಲಿ ಎಲ್ಲರ ಜೊತೆ ಬೆಂಚಿನ ಮೇಲೆ ಕೂರುತ್ತೇವೆ. ಮುಂದಿನ ಸಾಲಿನ ಖುರ್ಚಿ ಕೊಟ್ಟರೆ ನಯವಾಗಿ ಬೇಡ ಅನ್ನುತ್ತೇವೆ.

## ಆಳದ ಪ್ರಶ್ನೆಗಳು

ಇಷ್ಟು ಸರ್ವಿಸ್ ಮಾಡಿದೋರು ನೀವು. ಅಲ್ಲಿನ ಸಣ್ಣ ಹುಡುಗ್ಯಾರ ಕೈಕೆಳಗ ಹ್ಯಾಂಗ ಕೆಲಸ ಮಾಡ್ತೀರಿ?

ಹಿರಿಯರು ಸೇವೆಗೆ ಹೋಗುವುದರ ತಿರುಳೇ ಇದು. ನನ್ನ ಮೇಲಿನ ವಾರ್ಡ್ ಇನ್‌ಚಾರ್ಜ್ ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವಳು. ಡ್ಯೂಟಿ ಹಾಕುವವಳು ಅವಳು. ರೋಗಿಯ ಮನೆಯವರ ಮಾತು ಅರ್ಥವಾಗುವುದು ಅವಳಿಗೆ. ಅವಳ ಎದುರಿಗೆ, ವಿದ್ಯಾರ್ಥಿಗಳ ಮುಂದೆ, "ನಮ್ಮ ಊರಲ್ಲಿ ಹೀಗೆ ಮಾಡ್ತಿದ್ವಿ" ಅಂತ ನಾನು ಹೇಳುವುದಿಲ್ಲ. ಹೇಳಬೇಕಾದದ್ದನ್ನು ಚಹಾ ಹೊತ್ತಲ್ಲಿ ಅವಳೊಬ್ಬಳಿಗೇ ಹೇಳುತ್ತೇನೆ. ಒಪ್ಪುವುದು ಬಿಡುವುದು ಅವಳದು. ರೋಗಿಯ ಜೀವಕ್ಕೆ ಅಪಾಯ ಅನಿಸಿದರೆ ಮಾತ್ರ ತಕ್ಷಣ ಬಾಯಿ ಬಿಡುತ್ತೇನೆ. ನಾವು ಹೋದ ಮೇಲೂ ವಾರ್ಡ್ ನಡೆಸುವವಳು ಅವಳೇ. ಅವಳ ಮಾತಿಗೆ ತೂಕ ಇರಬೇಕು, ನನ್ನ ಮಾತಿಗಲ್ಲ. ಕೈಕೆಳಗೆ ಕೆಲಸ ಮಾಡಲು ಮನಸ್ಸಿಲ್ಲದವರು ದಯವಿಟ್ಟು ಈ ಸೇವೆಗೆ ಬರಬೇಡಿ.

ರೊಕ್ಕ ಕೇಳಿದೋರಿಗೆಲ್ಲ ಕೊಡಬೇಕಾಗ್ತದೇನು?

ಕೇಳುತ್ತಾರೆ, ಶಾಲೆ ಫೀಸಿಗೆ ಜಾಸ್ತಿ. ನಮ್ಮ ಕೈಯಿಂದ ನೇರ ಕೊಡುವುದಿಲ್ಲ. ಆಸ್ಪತ್ರೆಯ ಬಡವರ ನಿಧಿಗೆ ತಿಂಗಳಿಗೆ ಇಷ್ಟು ಅಂತ ಹಾಕುತ್ತೇವೆ. ಯಾರಿಗೆ ಕೊಡಬೇಕು ಅಂತ ಇಲ್ಲಿನ ಹಿರಿಯರು ತೀರ್ಮಾನ ಮಾಡುತ್ತಾರೆ. ಯಾರ ಕಷ್ಟ ನಿಜ ಅಂತ ಅವರಿಗೇ ಗೊತ್ತಿರುತ್ತದೆ.

ಎಬೋಲಾ ಅಂತಾರಲ್ಲ, ಅಂಜಿಕಿ ಆಗಲ್ವಾ?

ಆಗುತ್ತದೆ. 2000ರಲ್ಲಿ ಇಲ್ಲಿಗೆ ಹೆಚ್ಚು ದೂರವಿಲ್ಲದ ಗುಲುವಿನಲ್ಲಿ ಎಬೋಲಾ ಬಂದಿತ್ತು. ಅಲ್ಲಿನ ಲಾಚೋರ್ ಆಸ್ಪತ್ರೆಯ ಮುಖ್ಯ ವೈದ್ಯ ಡಾ. ಮ್ಯಾಥ್ಯೂ ಲುಕ್ವಿಯಾ ಆಗ ಕಂಪಾಲಾದಲ್ಲಿ ಓದುತ್ತಿದ್ದರು. ನರ್ಸಿಂಗ್ ವಿದ್ಯಾರ್ಥಿಗಳು ಸಾಯುತ್ತಿದ್ದಾರೆ ಅಂತ ತಿಳಿದು ಓಡಿ ಬಂದರು. ರೋಗವನ್ನು ಬೇಗ ಗುರುತಿಸಿ, ಪ್ರತ್ಯೇಕ ವಾರ್ಡ್ ಮಾಡಿದರು. ಹೆದರಿದ ಸಿಬ್ಬಂದಿಗೆ ಧೈರ್ಯ ಹೇಳಿ, ತಾವೂ ರೋಗಿಗಳ ಪಕ್ಕ ನಿಂತರು. ಅದೇ ಡಿಸೆಂಬರ್ 5ರಂದು ಎಬೋಲಾದಿಂದಲೇ ತೀರಿಕೊಂಡರು. ಅವರ ಹೆಸರು ಕೇಳಿದರೆ ಇಲ್ಲಿನ ಹಳೇ ನರ್ಸ್‌ಗಳು ಇಂದಿಗೂ ಸುಮ್ಮನಾಗುತ್ತಾರೆ. ಧೈರ್ಯ ತೋರಿಸಲು ಹೊರಗಿನಿಂದ ಬಂದವರು ಬೇಕಿಲ್ಲ. ನಾವು ಮಾಡುವುದು ಇಷ್ಟು: ಗ್ಲೌಸ್ ಇಲ್ಲದೆ ರಕ್ತ ಮುಟ್ಟುವುದಿಲ್ಲ, ಕೈ ತೊಳೆಯದೆ ಮಂಚ ಬದಲಿಸುವುದಿಲ್ಲ, ಆಸ್ಪತ್ರೆ ಹೇಳಿದ ನಿಯಮ ಮೀರುವುದಿಲ್ಲ.

ತಪ್ಪು ತಿಳಿಬ್ಯಾಡ್ರಿ, ಅಲ್ಲೇ ಏನಾದ್ರೂ ಆದ್ರ?

ತಪ್ಪೇನಿಲ್ಲ, ಕೇಳಲೇಬೇಕಾದ ಪ್ರಶ್ನೆ. ಇಬ್ಬರೂ ಉಯಿಲು ಬರೆದಿದ್ದೇವೆ. ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಉಯಿಲಿಲ್ಲದೆ ತೀರಿಕೊಂಡರೆ ಭಾರತದ ಕ್ರೈಸ್ತರಿಗೆ 1925ರ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಹೆಂಡತಿಗೆ ಮೂರನೇ ಒಂದು ಭಾಗ, ಉಳಿದದ್ದು ಗಂಡು ಹೆಣ್ಣು ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ.

ದೇಹವನ್ನು ಊರಿಗೆ ತರುವುದಕ್ಕೆ ಹೈಕಮಿಷನ್ನಿನ ಕಾಗದ, ದೇಹ ಕೆಡದಂತೆ ಮಾಡಿದ ಸರ್ಟಿಫಿಕೇಟ್, ವಿಮಾನದ ವ್ಯವಸ್ಥೆ ಎಲ್ಲ ಬೇಕು. ಖರ್ಚೂ ದೊಡ್ಡದು. ನಾವು ಎಲ್ಲಿ ಸತ್ತರೆ ಅಲ್ಲೇ ಮಣ್ಣು ಮಾಡಿ ಅಂತ ಬರೆದಿಟ್ಟಿದ್ದೇವೆ. ಮಗ ಮೊದಲು ಒಪ್ಪಲಿಲ್ಲ. ನಮ್ಮ ಊರಿನ ಸಮಾಧಿಗಳಲ್ಲಿ ದೂರದ ದೇಶದಿಂದ ಬಂದವರೂ ಮಲಗಿದ್ದಾರೆ ಅಂತ ಅವನ ಅಪ್ಪ ಹೇಳಿದ ಮೇಲೆ ಸಹಿ ಮಾಡಿದ.

ನಿಮ್ಮ ಹಿಂದ ನಾವೂ ಬರಬಹುದೇನು?

ಈ ಆಸ್ಪತ್ರೆಗೆ ಈಗ ಬೇಕಿರುವುದು ಲ್ಯಾಬ್ ಟೆಕ್ನಿಷಿಯನ್, ಮತ್ತೆ ಸ್ಟೋರ್ ಲೆಕ್ಕ ಕಲಿಸಬಲ್ಲವರು. ಕಲಬುರಗಿ, ಯಾದಗಿರಿ ಕಡೆ ಅಂಥ ಕೆಲಸದಿಂದ ರಿಟೈರ್ ಆದವರು ಎಷ್ಟೋ ಜನ ಇದ್ದೀರಿ. ನಮ್ಮ ಒಪ್ಪಂದ ಮುಗಿಯುವಷ್ಟರಲ್ಲಿ ಜನರೇಟರ್ ಹುಡುಗನೇ ನೋಡಿಕೊಳ್ಳುತ್ತಾನೆ, ಹಾಗಾಗಿ ಮೆಕ್ಯಾನಿಕ್ ಬೇಕಾಗಲಿಕ್ಕಿಲ್ಲ. ಮೊದಲು ಗಂಡ ಹೆಂಡತಿ ಕೂತು ಮಾತಾಡಿ, ಆಮೇಲೆ ಮಕ್ಕಳ ಹತ್ತಿರ, ಆಮೇಲೆ ಪಾಸ್ಟರ್ ಹತ್ತಿರ. ಅಷ್ಟರೊಳಗೆ ಆಧಾರಿನಲ್ಲಿ ಹೆಸರು ತಿದ್ದಿಸಲು ಅರ್ಜಿ ಹಾಕಿಬಿಡಿ.